ಎಡಗಡೆಯ ಸೀಟು

ಮೆಕ್ಯಾನಿಕ್ ರಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ಬೆಳಕಿಗೆ ಓರೆ ಮಾಡಿ ನೋಡಿದ. ಹಿಂದಿನ ಸಂಜೆ ಕಾರಿನಡಿ ಹಾಸಿಟ್ಟ ಬಿಳಿ ರಟ್ಟು ಅದು. ಫೋನಿನಲ್ಲಿ ಅವನೇ ಹೇಳಿ ಹಾಸಿಸಿದ್ದ. ಕಲೆ ಕಪ್ಪಾದರೆ ಇಂಜಿನ್ ಆಯಿಲ್, ಕೆಂಪಾದರೆ ಸ್ಟೀರಿಂಗಿನದು, ಹಸಿರಾದರೆ ರೇಡಿಯೇಟರಿನದು. ಆದರೆ ರಟ್ಟಿನ ಮೇಲೆ ಯಾವ ಬಣ್ಣವೂ ಇರಲಿಲ್ಲ. ಅಂಗೈಯಗಲದ ಜಾಗ ಉಬ್ಬಿ ಸುಕ್ಕಾಗಿತ್ತು, ಅಷ್ಟೆ.

"ತುಂಬಾ ಕೆಟ್ಟಿದೆಯೇನಪ್ಪಾ?" ಕನ್ನಡಕದಂಗಡಿಯವರು ಕೇಳಿದರು. ಮೂರು ದಿನದಿಂದ ಅವರಿಗೆ ಅನ್ನ ಸೇರಿರಲಿಲ್ಲ. ಪಕ್ಕದಲ್ಲಿ ಕಾರು ನಿಲ್ಲಿಸುವ, ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿಯಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: "ನಿಮ್ಮ ಗಾಡಿ ಸೋರಿ ನನ್ನ ಜಾಗವೆಲ್ಲ ಒದ್ದೆ. ಓಡದ ಗಾಡಿನ ಇಟ್ಕೊಂಡು ಏನು ಮಾಡ್ತೀರಿ? ಭಾನುವಾರದೊಳಗೆ ಸೋರೋದು ನಿಲ್ಲಬೇಕು, ಇಲ್ಲ ಗಾಡಿ ಇಲ್ಲಿಂದ ಹೋಗಬೇಕು." ಇವತ್ತು ಭಾನುವಾರ. ಕಾರು ಹೆಂಡತಿಯದು. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು.

"ಬಣ್ಣ ಇಲ್ಲ, ವಾಸನೆ ಇಲ್ಲ, ಜಿಡ್ಡಿಲ್ಲ," ಎಂದ ಮೆಕ್ಯಾನಿಕ್, ಬೆರಳು ಉಜ್ಜಿಕೊಳ್ಳುತ್ತ. "ಇದು ಬರೀ ನೀರು ಸರ್. ಏಸಿ ನೀರು. ಎಲ್ಲ ಗಾಡೀಲೂ ಬರುತ್ತೆ."

"ಹಾಗಾದ್ರೆ ಏನೂ ಕೆಟ್ಟಿಲ್ವಾ?"

"ಕೆಟ್ಟಿಲ್ಲ. ಆದ್ರೆ ಇಂಜಿನ್ ಓಡ್ತಾ, ಏಸಿ ಹಾಕಿದ್ರೆ ಮಾತ್ರ ಈ ನೀರು ಬರೋದು. ನೀವು ನೋಡಿದ್ರೆ ಗಾಡಿ ನಿಂತಲ್ಲೇ ಇದೆ ಅಂದ್ರಿ."

ಕನ್ನಡಕದಂಗಡಿಯವರು ಜೇಬಿನಿಂದ ಕೀಲಿ ತೆಗೆದು ಕೊಟ್ಟರು. ಮೆಕ್ಯಾನಿಕ್ ಬಲಗಡೆಯ ಬಾಗಿಲು ತೆಗೆದು, ಹೊರಗೆ ನಿಂತೇ ಕೀಲಿ ತಿರುಗಿಸಿದ. ಎಂಟು ತಿಂಗಳು ನಿಂತ ಗಾಡಿಯ ಬ್ಯಾಟರಿ ಸತ್ತೇ ಹೋಗಿರಬೇಕಿತ್ತು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಬಾಗಿಲಿನ ಅಂಚಿಗೆ ಕಳೆದ ಸರ್ವೀಸಿನಲ್ಲಿ ತಾನೇ ಅಂಟಿಸಿದ್ದ ಚೀಟಿಯನ್ನೂ ಮೀಟರನ್ನೂ ನೋಡಿದ. ನಾಲ್ಕೇ ಕಿಲೋಮೀಟರ್ ಹೆಚ್ಚು, ಗ್ಯಾರೇಜಿನಿಂದ ಮನೆಗೆ ಬಂದಷ್ಟು. ಪೆಟ್ರೋಲಿನ ಮುಳ್ಳು ಮಾತ್ರ ತಳ ಹಿಡಿದಿತ್ತು. ಆಮೇಲೆ ಅವನ ಕಣ್ಣು ಎಡಗಡೆಯ ಸೀಟಿಗೆ ಹೋಯಿತು. ಅಲ್ಲಿ ಕನ್ನಡಕ ಒರೆಸುವ ಬಟ್ಟೆ, ಮಡಚಿದ ಪೇಪರು, ತಳದಲ್ಲಿ ಕಾಫಿ ಒಣಗಿದ ಲೋಟ.

"ನನಗೆ ಗಾಡಿ ಓಡಿಸೋಕೆ ಬರಲ್ಲ," ಎಂದರು ಕನ್ನಡಕದಂಗಡಿಯವರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

"ಗೊತ್ತು ಸರ್. ಅಕ್ಕ ಹೇಳ್ತಿದ್ರು. ನಮ್ಮವರಿಗೆ ಓಡಿಸೋದು ಹಾಳಾಗ್ಲಿ, ಪಕ್ಕದಲ್ಲಿ ಕೂತು ದಾರಿ ಹೇಳೋಕೂ ಬರಲ್ಲ ಅಂತ."

ಅವರಿಗೆ ನಗು ಬಂತು. "ಅಂಗಡಿ ಮುಚ್ಚಿ ಬಂದವನು ಒಂದು ಹತ್ತು ನಿಮಿಷ ಕೂರ್ತೀನಿ. ಅವಳಿಗೆ ಸೆಕೆ ತಡೆಯೋಕೆ ಆಗ್ತಿರಲಿಲ್ಲ, ಹತ್ತಿದ ತಕ್ಷಣ ಏಸಿ ಹಾಕ್ಬೇಕಿತ್ತು. ಅದಕ್ಕೇ ನಾನೂ ಹಾಕ್ತೀನಿ. ಅದರಿಂದ ನೀರು ಬರುತ್ತೆ ಅಂತ ನನಗೇನು ಗೊತ್ತು?"

ಮುಂದಿನದನ್ನು ಅವರು ಹೇಳಲಿಲ್ಲ. ಮನೆಯೊಳಗೆ ಗಂಡ ಹೆಂಡತಿಗೆ ಅಂಥ ಮಾತೇನೂ ಇರಲಿಲ್ಲ. ಎದುರುಬದುರು ಕೂತರೆ ತಟ್ಟೆಯ ಸದ್ದಷ್ಟೇ. ಕಾರಿನಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ರಸ್ತೆ ನೋಡುವಾಗ ಮಾತ್ರ, ಮುಖ ನೋಡಬೇಕಾದ ಕಷ್ಟವಿಲ್ಲದೆ, ಮಾತು ಹೊರಡುತ್ತಿತ್ತು. ದಿನವಿಡೀ ಕಂಡವರ ಮೂಗಿನ ಮೇಲೆ ಗಾಜು ಬದಲಿಸಿ "ಈಗ ಕಾಣುತ್ತಾ? ಈಗ?" ಎಂದು ಕೇಳಿ ಸಾಕಾದದ್ದನ್ನು ಅವರು ಹೇಳಿಕೊಂಡದ್ದು ಇಲ್ಲಿಯೇ. ಈಗಲೂ ಸಂಜೆ ಆ ಸೀಟಿನಲ್ಲಿ ಕೂತು ಎದುರಿನ ಗೋಡೆ ನೋಡುತ್ತ ಅವತ್ತಿನ ಸಮಾಚಾರ ಒಪ್ಪಿಸಿ, ಕೈ ಚಾಚಿ ಇಂಜಿನ್ ಆರಿಸಿ, ಮೇಲೆ ಹೋಗುತ್ತಿದ್ದರು.

ಅಷ್ಟರಲ್ಲಿ ಮೆಟ್ಟಿಲಿಳಿದು ಸೆಕ್ರೆಟರಿಯಮ್ಮ ಬಂದರು. "ಏನಂತೆ?"

"ಏಸಿ ನೀರು ಮೇಡಂ. ಬಂದ್ರೆ ಗಾಡಿ ಆರೋಗ್ಯವಾಗಿದೆ ಅಂತ ಅರ್ಥ," ಎಂದ ಮೆಕ್ಯಾನಿಕ್. "ನಾಳೆಯಿಂದ ಅಡೀಲಿ ಒಂದು ಟ್ರೇ ಇಡ್ತಾರೆ. ನಿಮ್ಮ ಕಡೆ ಹರಿಯಲ್ಲ."

"ನಿಂತ ಗಾಡೀಲಿ ಏಸಿ ನೀರು ಎಲ್ಲಿಂದ ಬಂತು? ಯಾರ ಕಿವಿಗೆ ಹೂ ಇಡ್ತೀಯಪ್ಪಾ?"

ಕನ್ನಡಕದಂಗಡಿಯವರು ನೆಲ ನೋಡಿದರು. ಮೆಕ್ಯಾನಿಕ್ ಮಾತ್ರ ಕೈ ಒರೆಸಿಕೊಂಡು, "ನಿಂತ ಗಾಡಿ ಅಂತ ಯಾರು ಹೇಳಿದ್ದು ಮೇಡಂ? ಓಡುತ್ತೆ. ಈಗಲೂ ಒಂದು ಸುತ್ತು ಹೊರಟ್ವಿ. ಹತ್ತಿ ಸರ್," ಎಂದ.

ಅವರು ಎಡಗಡೆ ಹತ್ತಿದರು. ಆರಡಿ ಎತ್ತರದ ಮೆಕ್ಯಾನಿಕ್ ಬಲಗಡೆ ಕೂರಲು ನೋಡಿದ, ಅಕ್ಕನ ಅಳತೆಗಿದ್ದ ಸೀಟಿನಲ್ಲಿ ಕಾಲು ಹಿಡಿಸಲಿಲ್ಲ. ಸೀಟಿನಡಿಯ ಹಿಡಿಗೆ ಕೈ ಹಾಕಿದ.

"ಅದನ್ನ ಹಿಂದಕ್ಕೆ ತಳ್ಳಬೇಡಪ್ಪಾ."

ಮೆಕ್ಯಾನಿಕ್ ಅವರ ಮುಖವನ್ನೊಮ್ಮೆ ನೋಡಿ ಕೈ ತೆಗೆದ. ಮೊಣಕಾಲುಗಳನ್ನು ಸ್ಟೀರಿಂಗಿನ ಆ ಕಡೆ ಈ ಕಡೆ ಮಡಚಿ, ಗದ್ದ ಎದೆಗೆ ತಾಗಿಸಿಕೊಂಡು, ಹೇಗೋ ಕಾರನ್ನು ಗೇಟಿನವರೆಗೆ ತಂದ. ಗೋಡೆಯಿದ್ದ ಜಾಗದಲ್ಲಿ ಈಗ ರಸ್ತೆಯಿತ್ತು.

"ಯಾವ ಕಡೆ ಸರ್?"

ಅವರು ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಹಿಂದೆ ಯಾರದೋ ಗಾಡಿ ಬಂದು ನಿಂತು ಹಾರನ್ ಹೊಡೆಯಿತು. ಅವರು ಇನ್ನೂ ನೋಡುತ್ತಲೇ ಇದ್ದರು.