ಹಿಂದಲೆಗಳು

ನಾಲ್ಕನೆಯ ದಿನವೂ ಮೇಷ್ಟ್ರು ಅದೇ ಚಿತ್ರದ ಮುಂದೆ ನಿಂತಿದ್ದರು. ಮೊದಲ ದಿನ ಗ್ಯಾಲರಿಯ ಕಾವಲುಗಾರ ನಮಸ್ಕರಿಸಿದ್ದ. ಎರಡನೆಯ ದಿನ ಕುರ್ಚಿ ತಂದುಕೊಟ್ಟಿದ್ದ. ಈಗ ಅನುಮಾನದಿಂದ ನೋಡತೊಡಗಿದ್ದ.

ಚಿತ್ರದಲ್ಲಿದ್ದುದು ಕೊನೆಯ ಸೀಟಿನಿಂದ ಕಂಡ ಬಸ್ಸು. ಸಾಲುಸಾಲಾಗಿ ಹಿಂದಲೆಗಳು. ಜಡೆ, ಬೊಕ್ಕತಲೆ, ನಿದ್ದೆಗೆ ವಾಲಿದ ಒಂದು ಟೋಪಿ. ಒಂದೂ ಮುಖವಿಲ್ಲ. ಆದರೂ ಯಾರು ಸೋತು ಮನೆಗೆ ಮರಳುತ್ತಿದ್ದಾರೆ, ಯಾರು ಜಗಳವಾಡಿ ಹೊರಟಿದ್ದಾರೆ ಎಂಬುದು ಕತ್ತಿನ ಓರೆಯಲ್ಲೇ ತಿಳಿಯುತ್ತಿತ್ತು. ಗೋಡೆಗಳ ತುಂಬ ಅಂಥವೇ ಇಪ್ಪತ್ತಾರು ಚಿತ್ರಗಳು.

ಬರೆದವಳು ಗುಬ್ಬಿ. ಮೇಷ್ಟ್ರ ಕೈಕೆಳಗೇ ಚಿತ್ರ ಕಲಿತವಳು. ಮಾತಾಡಿದರೆ ಪಕ್ಕದವರಿಗೂ ಕೇಳಿಸುವುದಿಲ್ಲವೆಂದು ತರಗತಿಯವರು ಇಟ್ಟ ಹೆಸರು ಅದು. ಈಗ ನಲವತ್ತು ದಾಟಿದ ಅವಳ ಸುದ್ದಿ ನಗರದ ಕಲಾವಿದರ ಬಾಯಲ್ಲೆಲ್ಲ. ಇಂಥ ಕಣ್ಣು ಈ ಊರಿಗೆ ಇದುವರೆಗೆ ಇರಲಿಲ್ಲ ಎಂದು ಪತ್ರಿಕೆಗಳು ಬರೆದಿದ್ದವು. ಕಲಾ ಸಂಗ್ರಹಾಲಯದವರು ಅವಳ ಚಿತ್ರವೊಂದನ್ನು ಶಾಶ್ವತವಾಗಿ ಇಟ್ಟುಕೊಳ್ಳಲಿದ್ದಾರಂತೆ.

ಇದುವರೆಗೆ ಇರಲಿಲ್ಲ ಎಂಬ ಮಾತೇ ಮೇಷ್ಟ್ರ ಹೊಟ್ಟೆಗೆ ಕೊಳ್ಳಿ ಇಟ್ಟಿತ್ತು. ಅದೇ ಸಂಗ್ರಹಾಲಯದ ಎರಡನೆಯ ಕೋಣೆಯಲ್ಲಿ ಅವರ ‘ಹಿಂದಲೆಗಳು’ ಇಪ್ಪತ್ತು ವರ್ಷದಿಂದ ತೂಗುತ್ತಿದೆ. ಅದೇ ಬಸ್ಸು, ಅದೇ ಕೊನೆಯ ಸೀಟು, ಅದೇ ಮುಖವಿಲ್ಲದ ಜನ. ಅವರಿಗೆ ಹೆಸರು ತಂದ ಚಿತ್ರ ಅದೊಂದೇ. ಆಮೇಲೆ ಬರೆದ ನೂರಾರನ್ನು ಜನ ನೋಡಿದರು, ತಲೆಯಾಡಿಸಿದರು, ಮರೆತರು.

ಹೊಟ್ಟೆಕಿಚ್ಚು ಎಂದರೆ ಒಪ್ಪುವವರಲ್ಲ ಅವರು. ನ್ಯಾಯ ಎನ್ನುತ್ತಿದ್ದರು. ಮನೆಗೆ ನಡೆದುಹೋಗುವಾಗ ದಾರಿಯುದ್ದಕ್ಕೂ ಅದನ್ನೇ ತಮಗೆ ತಾವೇ ಹೇಳಿಕೊಂಡರು. ಬಸ್ಸಿನ ವಾಸನೆಗೇ ಅವರಿಗೆ ಹೊಟ್ಟೆ ತೊಳಸುತ್ತದೆ. ಕಲಾಶಾಲೆಯ ಹಿಂದಿನ ಬೀದಿಯಲ್ಲೇ ಮನೆ ಮಾಡಿ, ಮೂವತ್ತು ವರ್ಷ ಕಾಲ್ನಡಿಗೆಯಲ್ಲೇ ಪಾಠಕ್ಕೆ ಹೋದವರು. ಮನೆ ತಲುಪಿದವರೇ ‘ಕಿವಿ’ಗೆ ಫೋನು ಮಾಡಿದರು.

‘ಗೋಡೆಯ ಕಿವಿ’ ವಾರಪತ್ರಿಕೆಯೊಂದರ ಅಂಕಣ. ಯಾವ ಕಲಾವಿದ ಯಾರೊಡನೆ ಮಾತು ಬಿಟ್ಟ, ಯಾರ ಪ್ರದರ್ಶನಕ್ಕೆ ನೊಣವೂ ಬರಲಿಲ್ಲ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಬರೆಯುವವನನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಮರುದಿನವೇ ಅವನು ಮೇಷ್ಟ್ರನ್ನೂ ಗುಬ್ಬಿಯನ್ನೂ ಗ್ಯಾಲರಿಯ ಆಫೀಸಿನಲ್ಲಿ ಎದುರುಬದುರು ಕೂರಿಸಿದ.

ಮೇಷ್ಟ್ರು ಸುತ್ತುಬಳಸಲಿಲ್ಲ. "ಈ ಕಲ್ಪನೆ ನನ್ನದು. ಅಲ್ಲ ಅಂತೀಯಾ?"

ಗುಬ್ಬಿ ತನ್ನ ಅಂಗೈ ನೋಡಿಕೊಂಡಳು. "ನನ್ನ ಚಿತ್ರಗಳು ನನ್ನವೇ, ಸರ್."

"ಬಸ್ಸಿನ ಚಿತ್ರ ನನ್ನ ಮೇಜಿನ ಮೇಲೆ ಇದ್ದದ್ದು ನಿಂಗೆ ಗೊತ್ತಿತ್ತೋ ಇಲ್ವೋ, ಅಷ್ಟು ಹೇಳು."

"ಗೊತ್ತಿತ್ತು. ನಿಮ್ಮ ಮೇಜಿನ ಮೇಲೇ ಇತ್ತು."

ಆಮೇಲೂ ಅವಳ ತುಟಿ ಅಲುಗಿತು. ಆದರೆ ಕಿವಿ ಅಷ್ಟರಲ್ಲಿ ಪುಸ್ತಕ ಮುಚ್ಚಿ ಎದ್ದಿದ್ದ. ಅವನಿಗೆ ಬೇಕಾದ ಸಾಲು ಸಿಕ್ಕಿತ್ತು.

ಶುಕ್ರವಾರ ಅದು ಅಚ್ಚಾಯಿತು. ಗುರುವಿನ ಮೇಜಿನಿಂದಲೇ ಕದ್ದೆ ಎಂದು ಶಿಷ್ಯೆ ಒಪ್ಪಿಕೊಂಡಳು ಎಂಬ ಅರ್ಥ ಬರುವಂತೆ ಬರೆದಿದ್ದ. ಮೊನ್ನೆ ಮೊನ್ನೆ ಅವಳನ್ನು ಅಟ್ಟಕ್ಕೇರಿಸಿದವರೇ ಏಣಿ ತೆಗೆದರು. ತಮಗೆ ಮೊದಲೇ ಅನುಮಾನವಿತ್ತು ಎಂದು ಒಬ್ಬೊಬ್ಬರಾಗಿ ಹೇಳತೊಡಗಿದರು. ಪ್ರದರ್ಶನ ಒಂದು ವಾರ ಮುಂಚೆಯೇ ಮುಚ್ಚಿತು. ಸಂಗ್ರಹಾಲಯ ಅವಳ ಚಿತ್ರ ಬೇಡವೆಂದಿತು. ಗುಬ್ಬಿ ಯಾರ ಫೋನನ್ನೂ ಎತ್ತಲಿಲ್ಲ.

ಮೇಷ್ಟ್ರ ಮನೆಯ ಬಾಗಿಲು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಹಳೆಯ ಶಿಷ್ಯರು ಬಂದರು. ಸಂಗ್ರಹಾಲಯದವರು ಬಂದು, ಅವರ ಜೀವಮಾನದ ಚಿತ್ರಗಳದ್ದೇ ಒಂದು ಪ್ರದರ್ಶನ ಮಾಡುತ್ತೇವೆಂದರು. ‘ಹಿಂದಲೆಗಳು’ ಅದರ ಹೆಬ್ಬಾಗಿಲಿನ ಚಿತ್ರ. ಹೆಂಡತಿ ಮಾತ್ರ ಒಮ್ಮೆ, ಪಾಪ, ಆ ಹುಡುಗಿಗೆ ಮನೆ ಕಡೆ ಯಾರಿದ್ದಾರೋ ಎಂದು ಕೇಳಿದಳು. ಕಲೆಯಲ್ಲಿ ಪಾಪ ಪುಣ್ಯ ನೋಡಬಾರದೆಂದು ಮೇಷ್ಟ್ರು ಹೇಳಿ, ಎರಡನೆಯ ಬಾರಿ ಬಡಿಸಿಕೊಂಡರು. ಅವರು ಅಷ್ಟು ಊಟ ಮಾಡಿ ವರ್ಷಗಳಾಗಿದ್ದವು.

ಪ್ರದರ್ಶನಕ್ಕೆ ಮೂರು ದಿನವಿದ್ದಾಗ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳನ್ನು ಶುಚಿಗೊಳಿಸುವ ಹೆಂಗಸಿನಿಂದ ಫೋನು ಬಂತು. ‘ಹಿಂದಲೆಗಳು’ ಚಿತ್ರದ ಚೌಕಟ್ಟು ಬಿಚ್ಚಿದಾಗ, ಒತ್ತಾಗಿರಲೆಂದು ಹಿಂದೆ ತುರುಕಿದ್ದ ಕಾಗದವೊಂದು ಸಿಕ್ಕಿದೆಯಂತೆ. ಪೆನ್ಸಿಲಿನಲ್ಲಿ ಬರೆದ ಅದೇ ಬಸ್ಸು. ಚಿತ್ರಕ್ಕಿಂತ ಒಂದು ವರ್ಷ ಹಿಂದಿನ ತಾರೀಖಿದೆ.

ಮೇಷ್ಟ್ರಿಗೆ ನೆನಪಾಯಿತು. ಅಂದು ಚೌಕಟ್ಟು ಸಡಿಲವಾಗಿತ್ತು. ಮೇಜಿನ ಮೇಲಿನ ರಾಶಿಯಿಂದ ಕೈಗೆ ಸಿಕ್ಕ ಹಾಳೆ ಎಳೆದು ಮಡಚಿ ತುರುಕಿದ್ದರು. ತಾವು ಮೊದಲು ಹಾಕಿಕೊಂಡ ಕರಡೇ ಇರಬೇಕು. ಇದಕ್ಕಿಂತ ಸಾಕ್ಷಿ ಬೇಕೆ?

"ಅದ್ರಲ್ಲಿ ನಿಮ್ಮ ಕೈಬರಹ ಇದೆ ಸರ್," ಎಂದಳು ಆಕೆ. "ಒಂದ್ಸಲ ನೀವೇ ಬಂದು ನೋಡಿದ್ರೆ ಒಳ್ಳೇದು."

"ನನ್ನ ಕೈಬರಹ ನಾನೇನು ನೋಡ್ಲಿ? ಗಾಜಿನ ಪೆಟ್ಟಿಗೇಲಿಟ್ಟು ಬಾಗಿಲ ಎದುರಿಗೇ ಇಡಿ. ಊರೆಲ್ಲ ನೋಡ್ಲಿ."

ಬಾಗಿಲ ಎದುರಿಗೇನಾ ಎಂದು ಆಕೆ ಮತ್ತೊಮ್ಮೆ ಕೇಳಿದಳು. ಆಮೇಲೆ, ಹಾಗೇ ಆಗಲಿ, ಎಂದಳು.

ಮೇಷ್ಟ್ರು ಕಿವಿಗೂ ಸುದ್ದಿ ಮುಟ್ಟಿಸಿದರು. ಆ ವಾರದ ಅಂಕಣ ಪೂರ್ತಿ ಆ ಹಾಳೆಯದ್ದೇ. ಪ್ರದರ್ಶನದ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯೊಡನೆ ನಿಧಾನಕ್ಕೆ ನಡೆದು ಬಂದಾಗ ಗಾಜಿನ ಪೆಟ್ಟಿಗೆಯ ಸುತ್ತ ಆಗಲೇ ಜನ ಮುತ್ತಿದ್ದರು. ಕಿವಿ ಬರೆಯುವುದನ್ನು ನಿಲ್ಲಿಸಿ ನಿಂತಿದ್ದ. ಮೇಷ್ಟ್ರು ನಗುಮುಖದಿಂದಲೇ ಜನರನ್ನು ಸರಿಸಿ ಬಾಗಿ ನೋಡಿದರು.

ಹಾಳೆಯ ಮೂಲೆಯಲ್ಲಿ ಗುಬ್ಬಿಯ ಹೆಸರು, ತರಗತಿ, ಕ್ರಮಸಂಖ್ಯೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಮೇಷ್ಟ್ರ ಗುಂಡು ಅಕ್ಷರ: ‘ಬಸ್ಸಿನಲ್ಲಿ ಕೂತು ಗೀಚಿದ್ದನ್ನೆಲ್ಲ ಚಿತ್ರವೆಂದು ತರಬೇಡ. ಹತ್ತಕ್ಕೆ ಎರಡು.’