ಹುಟ್ಟಿದ ದಿನದ ಗುಂಡು

ಶೂಟಿಂಗ್ ಸ್ಪರ್ಧೆಗೆ ಹೊರಟಿದ್ದ ಮಗಳಿಗೆಂದು ಕೊಡಗಿನ ಉತ್ತಯ್ಯ ಮೈಸೂರಿನ ಅಂಗಡಿಯಲ್ಲಿ ದೂರ ಅಳೆಯುವ ರೇಂಜ್‌ಫೈಂಡರೊಂದನ್ನು ಆರಿಸಿದ. ಅವಳು ಅದನ್ನು ಮೆಲ್ಲಗೆ ವಾಪಸ್ ಇಟ್ಟಳು.

"ಅದು ಗಾಲ್ಫ್ ಆಡೋರದ್ದು ಸಾರ್" ಎಂದು ಅಂಗಡಿಯವನು ನಕ್ಕ.

ಉತ್ತಯ್ಯನಿಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ದನಿ ಏರಿಸಿದ. "ಗುರಿ ಹಿಡಿಯೋದು ಇವಳಿಗೆ ಹುಟ್ಟಿನಿಂದ್ಲೇ ಬಂದಿದ್ದು ಕಣ್ರೀ. ಇವಳು ಹುಟ್ಟಿದ ದಿನ ನಾನೇ ಅಂಗಳದಲ್ಲಿ ನಿಂತು ಗುಂಡು ಹಾರಿಸಿದ್ದೆ!"

"ಹೌದಾ? ನಿಮ್ಮ ಕೊಡಗಲ್ಲಿ ಗಂಡುಮಗು ಹುಟ್ಟಿದ್ರೆ ಮಾತ್ರ ಹಾರಿಸ್ತಾರೆ ಅಂತ ಕೇಳಿದ್ದೆ."

"ನಮ್ಮನೇಲಿ ಆ ಭೇದ ಇಲ್ಲ."

ಮಗಳು ಗುರಿಹಲಗೆ ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಎದುರು ಬೀದಿಯ ಬೋರ್ಡು ನೋಡುತ್ತಿದ್ದಳು. ಕಣ್ಣು ತೆಗೆಯದೆಯೇ ಹೇಳಿದಳು:

"ಅದು ಅಣ್ಣನಿಗೆ ಹಾರಿಸಿದ್ದು, ಅಪ್ಪಾ. ನಾನು ಹುಟ್ಟಿದಾಗ ಕೋವಿ ಗೋಡೆಯಿಂದ ಇಳೀಲೇ ಇಲ್ವಂತೆ."