ಎಡಗಾಲಿಗೊಂದು ಲೈಸೆನ್ಸು

ಹೆಲ್ತ್ ಇನ್‌ಸ್ಪೆಕ್ಟರ್ ನಂದೀಶ್ವರಯ್ಯ ಐ.ಡಿ.ಹಳ್ಳಿಯ ಪಾಪಕ್ಕನ ಅಂಗಳದಲ್ಲಿ ಸೈಕಲ್ ಇಳಿದಾಗ, ಅವಳು ದೊಡ್ಡರಂಗಪ್ಪನ ಸೊಂಟಕ್ಕೆ ಒದೆಯಲು ಕಾಲೆತ್ತಿದ್ದಳು. ದೊಡ್ಡರಂಗಪ್ಪ ಜಗಲಿಯ ಕಂಬ ತಬ್ಬಿಕೊಂಡು ಬಗ್ಗಿ ನಿಂತಿದ್ದ. ಇನ್‌ಸ್ಪೆಕ್ಟರರ ಖಾಕಿ ಚೀಲ ಕಂಡದ್ದೇ ತಡ, ಬಗ್ಗಿದಲ್ಲಿಂದಲೇ ಕೂಗಿದ:

"ನಂದು ಹೋದೊರ್ಷವೇ ಆಗೋಗೈತೆ ಸಾ! ಬೇಕಾದ್ರೆ ಸರ್ಟಿಫಿಕೇಟ್ ತೋರುಸ್ತೀನಿ!"

ಅದು ಎಪ್ಪತ್ತಾರನೇ ಇಸವಿ. ಹೆಲ್ತ್ ಇನ್‌ಸ್ಪೆಕ್ಟರ್ ಊರಿಗೆ ಬಂದರೆ ಸಂತಾನಹರಣ ಆಪರೇಷನ್ನಿಗೆ ಹೆದರಿ ಗಂಡಸರು ಪಂಚೆ ಬಿಗಿಹಿಡಿದುಕೊಂಡು ಹೊಲದ ಕಡೆ ಓಡುತ್ತಿದ್ದ ಕಾಲ.

"ನಾನು ಆಪರೇಷನ್‌ಗೆ ಬಂದಿಲ್ಲ ಕಣಯ್ಯ," ಎಂದರು ನಂದೀಶ್ವರಯ್ಯ. "ಮನೇಲಿ ಚಿಕಿತ್ಸೆ ಕೊಡೋರೆಲ್ಲ ಲೈಸೆನ್ಸ್ ತಗೋಬೇಕು ಅಂತ ಮೇಲಿಂದ ಕಾಗದ ಬಂದಿದೆ. ಇಲ್ಲದಿದ್ರೆ ಇವತ್ತಿಗೇ ಬಂದ್."

"ಒದಿಯಾಕೂ ಲೈಸೆನ್ಸಾ ಸ್ವಾಮಿ?" ಪಾಪಕ್ಕ ಕಾಲಿಳಿಸಿದಳು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆಂದು ಜನ ಪಾವಗಡದಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಇದು ನಿಂತರೆ ಅವಳು ಮತ್ತೆ ಕಂಡವರ ಹೊಲದಲ್ಲಿ ಕಳೆ ಕೀಳಬೇಕಿತ್ತು. ನಂದೀಶ್ವರಯ್ಯನವರಿಗೆ ಈ ಒದೆಯಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆದರೆ ಭರ್ತಿಯಾದ ಫಾರಂ ಇಲ್ಲದೆ ಆಫೀಸಿಗೆ ಹಿಂದಿರುಗುವ ಧೈರ್ಯವೂ ಇರಲಿಲ್ಲ. ಜಗಲಿಯ ಮೇಲೆ ಕೂತು ಪೆನ್ನು ತೆಗೆದರು.

"ಸಲಕರಣೆ ಏನು?"

"ಎಡಗಾಲು."

"ಸಲಕರಣೆ ಶುಚಿ ಮಾಡೋ ವಿಧಾನ?"

"ತೊಳ್ಕಂತೀನಿ ಸ್ವಾಮಿ. ಈಗ ಕೊಟ್ಟಿಗೆಯಿಂದ ಸೀದಾ ಬಂದೆ, ಅದ್ಕೇ ಇಂಗೈತೆ."

ದೊಡ್ಡರಂಗಪ್ಪ ಕಂಬ ಬಿಡದೆ ಕತ್ತು ಹೊರಳಿಸಿ ಆ ಕಾಲನ್ನು ನೋಡಿದ.

"ಅರ್ಹತೆ?"

"ಕಾಲು ಮುಂದಾಗಿ ಹುಟ್ಟಿದೋಳು."

"ಅದಕ್ಕೆ ಸಾಕ್ಷಿ ಯಾರು?"

"ನಮ್ಮವ್ವ. ಅವ್ಳು ಅವತ್ತೇ ಹೋದ್ಳು."

ನಂದೀಶ್ವರಯ್ಯ ಆ ಸಾಲನ್ನು ಖಾಲಿ ಬಿಟ್ಟು ಹಾಳೆ ತಿರುಗಿಸಿದರು.

ಅಷ್ಟು ಹೊತ್ತೂ ಜಗಲಿಯ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಪಾಪಕ್ಕನ ಗಂಡ ಈಗ ಬೀಡಿ ಹೊಸಕಿ ಹತ್ತಿರ ಸರಿದ. "ಸಾ, ಲೈಸೆನ್ಸು ನನ್ನೆಸ್ರಿಗೆ ಮಾಡಿ. ಮನೆ ಯಜಮಾನ ನಾನು. ಹೆಣ್ಣೆಂಗ್ಸು, ಅವ್ಳಿಗೇನ್ ತಿಳೀತದೆ? ಒದಿಯಾದು ಬೇಕಾದ್ರೆ ಅವ್ಳೇ ಒದೀಲಿ."

ನಂದೀಶ್ವರಯ್ಯನವರಿಗೂ ಅದೇ ಸಲೀಸೆನಿಸಿತು. ಗಂಡಸಿನ ಹೆಸರಿದ್ದರೆ ಆಫೀಸಿನಲ್ಲಿ ಯಾರೂ ಕೆದಕುವುದಿಲ್ಲ. "ಏನಮ್ಮ, ಹಾಗೇ ಬರೆದುಬಿಡಲಾ?"

ಪಾಪಕ್ಕ ಗಂಡನ ಕಡೆ ತಿರುಗಲಿಲ್ಲ. "ಇನ್ನೂ ಏನೇನ್ ಕೇಳ್ತದೆ ಸ್ವಾಮಿ ಆ ಫಾರಮ್ಮು?"

"ಇನ್ನೊಂದೇ. ತರಬೇತಿ ಕೊಟ್ಟ ಗುರುಗಳ ಹೆಸರು."

"ಅಲ್ಲಿ ಬರ್ಕಳಿ ಇವ್ರುದು. ಗಂಡನ್ ಹೆಸ್ರು ನಾನ್ ಹೇಳ್ಬಾರ್ದು, ನೀವೇ ಕೇಳ್ಕಳಿ."

"ಇವನಾ ನಿನಗೆ ಕಲಿಸಿದ್ದು?"

"ಊಂ ಸ್ವಾಮಿ, ಮದ್ವೆ ಆದಾಗಿಂದ ಒಂಬತ್ತೊರ್ಷ. ಎಲ್ಲಿಗೆ ಬಿದ್ರೆ ಉಸ್ರು ಕಟ್ತದೆ, ಎಲ್ಲಿಗೆ ಬಿದ್ರೆ ಮೂರ್ ದಿನ ಏಳಾಕಾಗಲ್ಲ, ಎಲ್ಲಾ ನನ್ ಸೊಂಟದ್ ಮ್ಯಾಲೇ ಕಲಿಸಿದ್ರು. ಒಂದಿನ ಇವ್ರ ಸೊಂಟವೇ ಹಿಡ್ಕಂಬುಡ್ತು. ಅವತ್ತೇ ನಾನು ಮೊದ್ಲು ಕಾಲೆತ್ತಿದ್ದು. ಒಂದೇ ಏಟ್ಗೆ ಸೊಂಟಾನೂ ವಾಸಿ ಆತು, ಆ ಚಾಳೀನೂ ಬುಟ್ಟೋತು."

ದೊಡ್ಡರಂಗಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ಸೊಂಟ ಚುಳುಕ್ಕೆಂದು, "ಅಯ್ಯಯ್ಯೋ" ಎಂದು ಮತ್ತೆ ಕಂಬ ತಬ್ಬಿದ. ಗಂಡ ಮಾಡಿನ ಹೆಂಚು ಎಣಿಸುವವನಂತೆ ಮೇಲೆ ನೋಡುತ್ತ ನಿಂತ.

ನಂದೀಶ್ವರಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅರ್ಜಿದಾರರು ಎಂದಿದ್ದ ಕಡೆ ದುಂಡಗೆ 'ಪಾಪಕ್ಕ' ಎಂದು ಬರೆದರು.

"ನಿನ್ನ ಹೆಸರೇನಯ್ಯ?"

"ಮುದ್ದಪ್ಪ," ಎಂದ ಅವನು, ತನಗೇ ಕೇಳಿಸದಂತೆ.

ಅದನ್ನೂ ಬರೆದು, ಚೀಲದಿಂದ ಮಸಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದರು.

"ಬನ್ನಿ ಗುರುಗಳೇ. ಹೆಬ್ಬೆಟ್ಟು ಕೊಡಿ."